ಸೋಪ್ ಸೇವೆಯಲ್ಲಿ ದೋಷಸಂಕೇತಗಳು: ಶಾಸನಸಂಖ್ಯೆಯ ನಿದರ್ಶನ

ಶ್ರವಣಬೆಳಗೊಳದ ಶಾಸನಸಂಪುಟದಲ್ಲಿ ಬಿ. ಎಲ್. ರೈಸರು 1889ರಲ್ಲಿ 144 ಶಾಸನಗಳನ್ನೂ ಆರ್. ನರಸಿಂಹಾಚಾರ್ಯರು 1923ರಲ್ಲಿ 500 ಶಾಸನಗಳನ್ನೂ ಕೊಟ್ಟರು. ಮೈಸೂರು ವಿಶ್ವವಿದ್ಯಾನಿಲಯದ 1973ರ ಪರಿಷ್ಕರಣದಲ್ಲಿ 573 ಇವೆ. ಇವನ್ನು ಸಂಖ್ಯೆಯ ಮೂಲಕ ಒದಗಿಸುವ ಸೋಪ್ ಸೇವೆಯೊಂದನ್ನು ಕಲ್ಪಿಸಿಕೊಳ್ಳೋಣ. (ಒಂದು ಗಣಕಯಂತ್ರವು ಇನ್ನೊಂದಕ್ಕೆ ಎಕ್ಸ್‌ಎಂಎಲ್ ರೂಪದಲ್ಲಿ ಓಲೆ ಕಳುಹಿಸಿ ಉತ್ತರ ಪಡೆಯುವ ವಿಧಾನವೇ ಸೋಪ್.) ರೈಸರ ಆವೃತ್ತಿಯ 300ನೆಯ ಶಾಸನವನ್ನು ಕೇಳಿದವರಿಗೆ ಬರಿದಾದ ಉತ್ತರ ಬಂದರೆ, ಅವರು ಅಂತಹ ಶಾಸನವೇ ಇಲ್ಲವೆಂದು ಬಗೆದಾರು. ಸೇವೆಯೇ ಕೆಟ್ಟು ನಿಂತಾಗಲೂ ಅದೇ ಉತ್ತರ ಬರುವುದಾದರೆ, ಯಂತ್ರದ ಮೌನವನ್ನು ನಾವು ಆಕರದ ಮೌನವೆಂದು ಬರೆದಿಡುವ ಅಪಾಯವುಂಟು.

2003ರ ಸೋಪ್ 1.2ರಲ್ಲಿ ದೋಷವನ್ನು 'ಫಾಲ್ಟ್' ಎಂಬ ಅಂಗವು ತಿಳಿಸುತ್ತದೆ. ಅದರ 'ಕೋಡ್'ಗೆ ಐದೇ ಮೌಲ್ಯಗಳು ವಿಹಿತವಾಗಿವೆ. ಮುಖ್ಯವಾದವು ಎರಡು: 'ಸೆಂಡರ್', ಅಂದರೆ ಕೇಳಿದವರ ತಪ್ಪು. 'ರಿಸೀವರ್', ಅಂದರೆ ಸೇವೆಯ ತಪ್ಪು. 'ಆವೃತ್ತಿಯಲ್ಲಿಲ್ಲದ ಸಂಖ್ಯೆ' ಎಂಬಂತಹ ನಮ್ಮದೇ ಸಂಕೇತವನ್ನು ಅದರೊಳಗಿನ 'ಸಬ್‌ಕೋಡ್'ನಲ್ಲಿ ಇಡತಕ್ಕದ್ದು. ಆವೃತ್ತಿಯ ವರ್ಷ, ಅದರ ಕೊನೆಯ ಸಂಖ್ಯೆ ಮೊದಲಾದ ವಿವರಗಳಿಗೆ 'ಡೀಟೇಲ್' ಸ್ಥಾನ. 'ರೀಸನ್' ಮನುಷ್ಯರ ಓದಿಗಾಗಿ ಇರುವುದು. ಅದನ್ನು ಕನ್ನಡದಲ್ಲಿಯೂ ಕೊಡಬಹುದು, ಕೊಡುವುದು ಯುಕ್ತವೆಂದೇ ನಮ್ಮ ಮತ. ಆದರೆ ಕೇಳುವ ಯಂತ್ರವು ಆ ವಾಕ್ಯವನ್ನು ನೆಮ್ಮಬಾರದು. ಯಾರಾದರೂ ಅದರ ಕಾಗುಣಿತ ತಿದ್ದಿದರೂ ಸಾಕು, ಯಂತ್ರಕ್ಕೆ ಗುರುತು ತಪ್ಪುತ್ತದೆ. 2000ದ 1.1ರಲ್ಲಿ 'ಸಬ್‌ಕೋಡ್' ಇಲ್ಲ. ಅಲ್ಲಿ ನಮ್ಮ ಸಂಕೇತವನ್ನೂ 'ಡೀಟೇಲ್'ನಲ್ಲಿಯೇ ಇಡುವುದು ಲೇಸು.