ಕಿವಿ ಕೇಳದ ತಂದೆ-ತಾಯಿ, ಕೇಳುವ ಮಗು

ತಂದೆ-ತಾಯಿಗೆ ಕಿವಿ ಕೇಳಿಸದಿದ್ದರೆ ಮಗು ಮಾತು ಕಲಿಯದೆಂದು ಚಿಂತಿಸಬೇಡಿ. ಸನ್ನೆ ಭಾಷೆ ಮಾತಿಗೆ ಅಡ್ಡಿಯಲ್ಲ. ಸನ್ನೆ ನೋಡುತ್ತ ಬೆಳೆಯುವ ಕೂಸು ಕೈಯಿಂದಲೂ ತೊದಲುತ್ತದೆ ಎಂದು ಕೆನಡಾದ ಸಂಶೋಧಕರು 2001ರಲ್ಲಿ ತೋರಿಸಿದರು.

ಇಂಥ ಮಗು ಮುಖಭಾವ, ಕೈಚಲನೆ ಗಮನಿಸಿ ಕಲಿಯುತ್ತದೆ. ಪಾಠವನ್ನು ಚಿತ್ರದಿಂದ, ಮಾಡಿ ತೋರಿಸಿ ಹೇಳಿಕೊಡಿರಿ. ಭುಜ ತಟ್ಟಿ ಕರೆಯುವುದು ಒರಟುತನವಲ್ಲ, ಮನೆಯ ರೂಢಿ.

ಅಜ್ಜ-ಅಜ್ಜಿ, ನೆರೆಯವರು ದಿನವೂ ಮಗುವಿನೊಡನೆ ಮಾತನಾಡಿರಿ, ಕಥೆ ಹೇಳಿರಿ. ಅಂಗನವಾಡಿಗೆ ಕಳುಹಿಸಿರಿ. ಮಗುವಿನ ಶ್ರವಣ ಪರೀಕ್ಷೆ ತಪ್ಪಿಸಬೇಡಿ.

ಆಸ್ಪತ್ರೆಯಲ್ಲಿ ತಾಯಿಯ ಕಾಯಿಲೆಯ ಸುದ್ದಿಯನ್ನು ಮಗುವಿನಿಂದ ಹೇಳಿಸಬೇಡಿ. ಎಳೆಯ ಮನಸ್ಸಿಗೆ ಅದು ಭಾರ. ಸನ್ನೆ ಬಲ್ಲ ಹಿರಿಯರನ್ನು ಕರೆತನ್ನಿರಿ, ಇಲ್ಲವೇ ಬರೆದು ತಿಳಿಸಲು ವೈದ್ಯರನ್ನು ಕೇಳಿರಿ.