ಕಥನದಲ್ಲಿ ವರ್ಣನೆ: ಸ್ವಭಾವೋಕ್ತಿಯ ನೆಲೆ

ಹೊಸದಾಗಿ ಕಥೆ ಬರೆಯಲು ತೊಡಗಿದವರ ಬರಹಗಳಲ್ಲಿ ವರ್ಣನೆಯು ಬಹುಮಟ್ಟಿಗೆ ವಿಶೇಷಣಗಳ ಸಾಲಾಗಿ ಕಾಣಿಸಿಕೊಳ್ಳುತ್ತದೆ. ಬೆಟ್ಟ ಭವ್ಯ, ತೋಟ ರಮಣೀಯ, ಸಂಜೆ ಮನೋಹರ. ಇದಕ್ಕೆ ಹಳೆಯ ಕಾವ್ಯಪರಂಪರೆಯನ್ನು ಹೊಣೆಯಾಗಿಸುವ ವಾಡಿಕೆಯಿದೆ. ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯಾದಿಗಳನ್ನು ಮಹಾಕಾವ್ಯದ ವರ್ಣನಾವಸ್ತುಗಳೆಂದು ದಂಡಿಯು ‘ಕಾವ್ಯಾದರ್ಶ’ದಲ್ಲಿ ಎಣಿಸಿದನು; ಮುಂದೆ ಚಂಪೂಕಾವ್ಯಗಳಲ್ಲಿ ಅಷ್ಟಾದಶ ವರ್ಣನೆಗಳು ಕಟ್ಟಳೆಯಂತೆ ನೆಲೆಗೊಂಡವು. ಆದರೆ ಅದೇ ದಂಡಿ ಅರ್ಥಾಲಂಕಾರಗಳಲ್ಲಿ ಮೊದಲಿಗೆ ಎತ್ತಿಕೊಂಡದ್ದು ಸ್ವಭಾವೋಕ್ತಿಯನ್ನು. ಉಪಮೆ ಬರುವುದು ಅನಂತರ.

ವಸ್ತುವಿನ ನಾನಾ ಅವಸ್ಥೆಗಳ ರೂಪವನ್ನು ಕಣ್ಣಿಗೆ ಕಟ್ಟುವಂತೆ ಹೇಳುವುದೇ ಸ್ವಭಾವೋಕ್ತಿ. ಜಾತಿ, ಕ್ರಿಯೆ, ಗುಣ, ದ್ರವ್ಯ ಎಂದು ಅದನ್ನು ನಾಲ್ಕಾಗಿ ವಿಂಗಡಿಸಿದ ದಂಡಿ, ಉದಾಹರಣೆಗೆ ಗಿಳಿ ಪಾರಿವಾಳಗಳನ್ನು ಆರಿಸಿಕೊಂಡಿರುವುದು ಗಮನಾರ್ಹ. ಶಾಸ್ತ್ರಗಳಲ್ಲಿ ಇದರದೇ ಸಾಮ್ರಾಜ್ಯ, ಕಾವ್ಯಕ್ಕೂ ಇದು ಇಷ್ಟವಾದದ್ದು ಎಂಬುದು ಅವನ ನಿಲುವು. ಭಾಮಹನಿಗಾದರೋ ಇದು ಸಾಲದು. ಸೂರ್ಯ ಮುಳುಗಿದ, ಚಂದ್ರ ಬೆಳಗಿದ, ಹಕ್ಕಿಗಳು ಗೂಡಿಗೆ ಹೋದವು ಎಂದರೆ ಅದು ಬರಿಯ ವಾರ್ತೆ ಎಂದು ಅವನು ಆಕ್ಷೇಪಿಸುತ್ತಾನೆ. ಈ ಆಕ್ಷೇಪ ಇಂದಿಗೂ ಹಗುರವಾದುದಲ್ಲ. ವಿಶೇಷಣಗಳನ್ನು ಕಿತ್ತೊಗೆದು ವಿವರಗಳನ್ನು ಪೇರಿಸಿದ ಮಾತ್ರಕ್ಕೆ ಚಿತ್ರ ಮೂಡದು.

ಕಾದಂಬರಿಯು ಇದಕ್ಕೆ ಕಂಡುಕೊಂಡ ಉತ್ತರ ನೋಡುವವನನ್ನು ಒಳಗೆ ತರುವುದು. ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಗುತ್ತಿ ತನ್ನ ನಾಯಿ ಹುಲಿಯನೊಡನೆ ನಡೆಯುವಾಗ ಕಾಡು ಅವನ ಕಾಲಿಗೆ, ಕಿವಿಗೆ, ಭಯಕ್ಕೆ ಎಟುಕುವಷ್ಟೇ ಕಾಣುತ್ತದೆ. ಅದಕ್ಕೂ ಮೊದಲಿನ ‘ಕಾನೂರು ಹೆಗ್ಗಡಿತಿ’ಯಲ್ಲಿ ಕುವೆಂಪು ಪಾತ್ರವನ್ನು ಬದಿಗಿಟ್ಟು ತಾವೇ ಕವಿಯಾಗಿ ಮಾತಿಗಿಳಿಯುವುದು ಹೆಚ್ಚು, ಆ ಪುಟಗಳು ಸುಂದರವಾಗಿದ್ದರೂ ಕಥೆ ಅಲ್ಲಿ ನಿಂತುಬಿಡುತ್ತದೆ. ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಂತೂ ಕಡಲಂಚಿನ ನೆಲವು ಬಹುಪಾಲು ಪಾರೋತಿ, ಸರಸೋತಿಯರ ದುಡಿಮೆಯ ಮೂಲಕವೇ ಓದುಗರಿಗೆ ಪರಿಚಯವಾಗುತ್ತದೆ.

ಅಡಕೆ ತೋಟವೊಂದನ್ನು ತೆಗೆದುಕೊಳ್ಳಬಹುದು. ಆಷಾಢದ ಮಳೆಯಲ್ಲಿ ತೊಯ್ದ ಹಸಿರು ತೋಟವೆಂದರೆ ಯಾರೂ ಏನನ್ನೂ ಕಾಣುವುದಿಲ್ಲ. ಬೋರ್ಡೋ ದ್ರಾವಣ ಹೊಡೆಯಲು ನಾಲ್ಕು ದಿನದ ಹೊಳವಿಗಾಗಿ ಕಾದಿರುವ ಸಾಲಗಾರ ಬೆಳೆಗಾರನು ಅದೇ ತೋಟದಲ್ಲಿ ಮೊದಲು ನೋಡುವುದು ಬುಡವನ್ನು: ಉದುರಿದ ಎಳೆಗಾಯಿಗಳೆಷ್ಟು, ಅವುಗಳ ತೊಟ್ಟಿನ ಬಳಿ ನೀರುಗಲೆಯಿದೆಯೇ, ಬೂಸಲು ಹಿಡಿದಿದೆಯೇ ಎಂದು. ಕೊಳೆರೋಗವೆಂಬ ಹೆಸರನ್ನೇ ಕಥೆಗಾರನು ಎತ್ತಬೇಕಿಲ್ಲ. ಮರವೇರಬೇಕಾದ ಕೊನೆಗೌಡನು ನೋಡುವುದಾದರೋ ಪಾಚಿಗಟ್ಟಿ ಜಾರುವ ಕಾಂಡವನ್ನು. ಪಟ್ಟಣದಿಂದ ಬಂದ ಮಗಳಿಗೆ ಮಾತ್ರ ಅದು ಹಸಿರಾಗಿಯೇ ಕಂಡೀತು. ಹಾಗೆ ಕಾಣುವುದನ್ನು ಅಪ್ಪ ಸಹಿಸದಿರಬಹುದು, ಕಥೆ ಅಲ್ಲಿಂದಲೇ ಮೊದಲಾಗಬಹುದು.