ಸಣ್ಣ ತೂತಿಗೆ ಗೇಣುದ್ದ ಗಾಯವೇಕೆ?

ಅಲ್ಸರ್ ಒಡೆದಾಗಿನ ನೋವು ಹೊಟ್ಟೆಗೆ ಚೂರಿ ಹಾಕಿದಂತೆ ಒಮ್ಮೆಲೇ ಏಳುತ್ತದೆ. ನೋಡನೋಡುತ್ತಿದ್ದಂತೆ ಹೊಟ್ಟೆ ಹಲಗೆಯಂತೆ ಸೆಟೆದುಕೊಳ್ಳುತ್ತದೆ. ಹುಣ್ಣು ಜಠರದ ಗೋಡೆಯನ್ನೋ ಸಣ್ಣಕರುಳಿನ ಆರಂಭದ ಭಾಗವನ್ನೋ ಕೊರೆದು ಆಚೆ ಬಂದಿರುತ್ತದೆ. ಒಳಗಿನ ಆಮ್ಲ, ಪಿತ್ತ, ಉಂಡದ್ದು ಎಲ್ಲವೂ ಆ ತೂತಿನಿಂದ ಸೋರುತ್ತವೆ. ಇಷ್ಟೆಲ್ಲ ರಂಪ ಮಾಡುವ ತೂತು ಬಹಳ ಸಲ ಒಂದು ಸೆಂಟಿಮೀಟರ್ ಕೂಡ ಇರುವುದಿಲ್ಲ.

1892ರಲ್ಲಿ ಜರ್ಮನಿಯ ಲುಡ್ವಿಗ್ ಹ್ಯೂಸ್ನರ್ ಹೊಟ್ಟೆ ತೆರೆದು ಇಂಥ ತೂತನ್ನು ಹೊಲಿದು ರೋಗಿಯನ್ನು ಉಳಿಸಿದರು. ಆದರೆ ಹುಣ್ಣಿನ ಅಂಚು ಲಡ್ಡು ಹಿಡಿದ ಬಟ್ಟೆಯ ಹಾಗೆ, ದಾರ ಬಿಗಿದರೆ ಹರಿಯುತ್ತದೆ. ಕರುಳಿನ ಮುಂದೆ ಪರದೆಯಂತೆ ಜೋತುಬಿದ್ದಿರುವ ಕೊಬ್ಬಿನ ಪದರವನ್ನೇ ತೇಪೆ ಮಾಡುವ ಉಪಾಯವನ್ನು 1929ರಲ್ಲಿ ಸೆಲನ್-ಜೋನ್ಸ್, 1937ರಲ್ಲಿ ಟೊರಾಂಟೊದ ರಾಸ್ಕೋ ಗ್ರಹಾಂ ಬರೆದಿಟ್ಟರು. ಇವತ್ತಿಗೂ ಹಾಕುವುದು ಅದೇ ತೇಪೆ.

ಹಾಗಾದರೆ ಹೊಸದಾಗಿ ಕಂಡುಕೊಂಡದ್ದೇನು? ಒಳಗೆ ಹೋಗುವ ದಾರಿ. ಬೆರಳಗಲದ ಕೆಲಸಕ್ಕೆ ಹೊಟ್ಟೆಯನ್ನು ಗೇಣುದ್ದ ಸೀಳಬೇಕಿತ್ತು.

ದಾರಿ ತೋರಿಸಿದವರು ಸ್ತ್ರೀರೋಗ ತಜ್ಞರು. ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ, ಕೊಳವೆ ತೂರಿಸಿ ಗರ್ಭಕೋಶ ನೋಡುವುದು ಅವರಿಗೆ ರೂಢಿಯಾಗಿತ್ತು. ಅವರಲ್ಲೊಬ್ಬರಾದ, ಜರ್ಮನಿಯ ಕೀಲ್ ನಗರದ ಕರ್ಟ್ ಸೆಮ್ 1980ರಲ್ಲಿ ಆ ಕೊಳವೆಯಿಂದಲೇ ಅಪೆಂಡಿಕ್ಸ್ ತೆಗೆದರು. ಅಲ್ಲಿಯದೇ ಸರ್ಜನ್ ಎರಿಕ್ ಮ್ಯೂಹೆ 1985ರಲ್ಲಿ ಹೀಗೆಯೇ ಪಿತ್ತಕೋಶ ತೆಗೆದರು. ಜರ್ಮನಿಯ ಸರ್ಜನ್ನರಿಂದ ಇಬ್ಬರಿಗೂ ಸಿಕ್ಕಿದ್ದು ಮೂದಲಿಕೆ. ದೊಡ್ಡ ಗಾಯವೇ ದೊಡ್ಡ ಸರ್ಜನ್ನನ ಗುರುತು ಎಂದು ನಂಬಿದ್ದ ಕಾಲವದು!

ಫ್ರಾನ್ಸಿನ ಲಿಯೋನ್ ನಗರದ ಸರ್ಜನ್ ಫಿಲಿಪ್ ಮೂರೆ ಸ್ತ್ರೀರೋಗ ತಜ್ಞರೊಡನೆ ಒಂದೇ ಕ್ಲಿನಿಕ್ ಹಂಚಿಕೊಂಡಿದ್ದರು. ಪಕ್ಕದವರ ಉಪಕರಣ ಅವರ ಕೈಗೂ ಪಳಗಿತು. 1987ರಲ್ಲಿ ಅವರೂ ಪಿತ್ತಕೋಶ ತೆಗೆದರು; 1990ರಲ್ಲಿ, ಒಡೆದ ಅಲ್ಸರನ್ನು ಇದೇ ಬಗೆಯಲ್ಲಿ ಮುಚ್ಚಿದ್ದನ್ನು ಸಂಗಡಿಗರೊಂದಿಗೆ ಪ್ರಕಟಿಸಿದರು. ಹೊಲಿಗೆಯಿಲ್ಲ, ಕೊಬ್ಬಿನ ತೇಪೆಯನ್ನು ಫೈಬ್ರಿನ್ ಅಂಟಿನಿಂದ ಕೂರಿಸಿದ್ದರು. ಯಾಕೆಂದರೆ ಟಿ.ವಿ. ಪರದೆ ನೋಡುತ್ತ ಉದ್ದನೆಯ ಕಡ್ಡಿಗಳಿಂದ ಗಂಟು ಹಾಕುವುದೆಂದರೆ ಕೈಗೆ ಸೌಟು ಕಟ್ಟಿಕೊಂಡು ಹೂ ಕಟ್ಟಿದಂತೆ. ಅದೇ ವರ್ಷ ಸ್ಕಾಟ್‌ಲೆಂಡಿನ ಡಂಡಿಯಲ್ಲಿ ನಾಥನ್‌ಸನ್, ಈಸ್ಟರ್, ಕುಶಿಯೇರಿ ಹೊಲಿಗೆಯನ್ನೂ ಹಾಕಿ ತೋರಿಸಿದರು. ಕೊನೆಗೆ ಹೆಚ್ಚು ಬಳಕೆಗೆ ಬಂದದ್ದು ಹೊಲಿಗೆಯೇ.

ಅಂಟೋ ದಾರವೋ ಎಂಬ ವಾದಕ್ಕಿಂತ, ಸೋರಿದ್ದನ್ನು ತೊಳೆಯುವುದೇ ಇಲ್ಲಿ ಮುಖ್ಯ ಕೆಲಸ ಎಂದು ನನಗನ್ನಿಸುತ್ತದೆ. ಕೊಳವೆಯ ಕ್ಯಾಮೆರಾ ಯಕೃತ್ತಿನ ಮೇಲೂ ಕಿಬ್ಬೊಟ್ಟೆಯ ತಳಕ್ಕೂ ಹೋಗುತ್ತದೆ. ಸಲೈನ್ ಸುರಿದು ಮೂಲೆಮೂಲೆ ಬಳಿಯಬಹುದು.

ಹಾಂಗ್‌ಕಾಂಗಿನ ವೈದ್ಯರು 121 ರೋಗಿಗಳಲ್ಲಿ ಹೊಟ್ಟೆ ಸೀಳುವ ಮತ್ತು ಕೊಳವೆ ತೂರಿಸುವ ಎರಡೂ ವಿಧಾನಗಳನ್ನು ಹೋಲಿಸಿ 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಣ್ಣ ರಂಧ್ರದಿಂದ ಆಪರೇಷನ್ ಆದವರಿಗೆ ನೋವಿನ ಔಷಧಿ ಕಡಿಮೆ ಸಾಕಾಯಿತು, ಎದೆಯ ಸೋಂಕು ಕಡಿಮೆಯಾಯಿತು. ಮೇಲ್ಹೊಟ್ಟೆಯಲ್ಲಿ ದೊಡ್ಡ ಗಾಯವಿದ್ದರೆ ಕೆಮ್ಮಲೂ ಭಯ, ಕಫ ಒಳಗೇ ಉಳಿಯುತ್ತದೆ. ಹಾಗೆಂದು ಎಲ್ಲರಿಗೂ ಕೊಳವೆಯ ದಾರಿ ಹೊಂದದು. ತಡವಾಗಿ ಬಂದು ರಕ್ತದೊತ್ತಡ ಕುಸಿದವರಿಗೆ, ತೂತು ದೊಡ್ಡದಿದ್ದವರಿಗೆ ಹಳೆಯ ಗೇಣುದ್ದದ ದಾರಿಯೇ ಕ್ಷೇಮ.

ತೇಪೆ ಮುಚ್ಚುವುದು ತೂತನ್ನು ಮಾತ್ರ, ಹುಣ್ಣಿನ ಕಾರಣವನ್ನಲ್ಲ. ಹುಣ್ಣಿಗೆ ಹೆಲಿಕೋಬ್ಯಾಕ್ಟರ್ ಬ್ಯಾಕ್ಟೀರಿಯಾ ಕಾರಣವಾಗಿದ್ದರೆ, ಆಪರೇಷನ್ ಮುಗಿಸಿ ಮನೆಗೆ ಬಂದವರು ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ಅರ್ಧಕ್ಕೆ ಬಿಡಬಾರದು.